ಹಳೇ ಕಾರಿಗೆ ಹಗಲು ದೀಪ

ಜುಲೈ ತಿಂಗಳ ಯಾವುದಾದರೂ ಬೆಳಗ್ಗೆ, ಶಾಲೆ-ಆಫೀಸಿನ ಗಡಿಬಿಡಿಯ ಹೊತ್ತಿಗೆ, ಮಂಗಳೂರಿನ ನಂತೂರು ವೃತ್ತದ ಬದಿಯಲ್ಲಿ ಕೊಡೆ ಹಿಡಿದು ಐದು ನಿಮಿಷ ನಿಂತು ನೋಡಿ. ಮಳೆ ಧೋ ಎನ್ನುತ್ತಿರುತ್ತದೆ. ಕೆಪಿಟಿ ಕಡೆಯಿಂದ, ಪಂಪ್‌ವೆಲ್ ಕಡೆಯಿಂದ, ಬಿಕರ್ನಕಟ್ಟೆಯಿಂದ, ಮಲ್ಲಿಕಟ್ಟೆಯಿಂದ ವಾಹನಗಳು ಒಂದರ ಹಿಂದೊಂದು ಬಂದು ಅಲ್ಲಿ ಸೇರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಗಾತ್ರದಲ್ಲಿ ಎಲ್ಲಕ್ಕಿಂತ ಸಣ್ಣವು: ಸ್ಕೂಟರು, ಬೈಕು. ಆಮೇಲೆ ಮುಂಭಾಗದಲ್ಲಿ ಬಿಳಿ ಗೆರೆ ಬೆಳಗಿಸಿಕೊಂಡ ಹೊಸ ಕಾರುಗಳು. ಕಟ್ಟಕಡೆಗೆ, ತೀರ ಹತ್ತಿರ ಬಂದ ಮೇಲೆ, ಬೂದು ರಸ್ತೆಯ ಬೂದು ಮಳೆಯೊಳಗಿಂದ ಬೆಳ್ಳಿ ಬಣ್ಣದ ಹಳೇ ವ್ಯಾಗನ್ಆರ್ ಒಂದು ಹೊರಬೀಳುತ್ತದೆ. ಅಷ್ಟು ಹೊತ್ತು ಅದು ಎಲ್ಲಿತ್ತು? ಅಲ್ಲೇ ಇತ್ತು, ನಿಮಗೆ ಕಂಡಿರಲಿಲ್ಲ.

ಸ್ಕೂಟರುಗಳು ಮೊದಲು ಕಾಣಲು ಕಾರಣ 2017ರ ಏಪ್ರಿಲ್ 1ರ ನಿಯಮ. ಅಂದಿನಿಂದ ದೇಶದಲ್ಲಿ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟ್ ಉರಿಯಬೇಕು, ಆರಿಸುವ ಸ್ವಿಚ್ಚೇ ಇರಬಾರದು. ಮೊದಮೊದಲು ಇದು ಊರಿಗೆಲ್ಲ ತಮಾಷೆಯಾಗಿತ್ತು. ಎದುರಿನಿಂದ ಬರುವವರೆಲ್ಲ ಅಂಗೈ ಮುಚ್ಚಿ ತೆರೆದು ಸನ್ನೆ ಮಾಡುವುದು, ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಂತವರು "ಲೈಟ್ ಆನ್ ಉಂಟು ಮಾರಾಯ್ರೇ" ಎಂದು ಕೂಗುವುದು, ಸವಾರರು "ಇದು ಹಾಗೇ ಬರುವುದು" ಎಂದು ಸಮಜಾಯಿಷಿ ಕೊಡುವುದು. ಈಗ ಆ ಸನ್ನೆ ಬಹುಮಟ್ಟಿಗೆ ನಿಂತಿದೆ. ಹಗಲಿನಲ್ಲಿ ಉರಿಯುವ ದೀಪಕ್ಕೆ ಊರಿನ ಕಣ್ಣು ಒಗ್ಗಿಕೊಂಡಿದೆ.

ಕಾರುಗಳಿಗೆ ಹೀಗೊಂದು ಕಡ್ಡಾಯ ನಮ್ಮಲ್ಲಿಲ್ಲ. ಆದರೂ ಹೊಸ ಕಾರುಗಳಲ್ಲಿ ಡಿಆರ್‌ಎಲ್ ಎಂದು ಕರೆಯುವ ಡೇಟೈಮ್ ರನ್ನಿಂಗ್ ಲೈಟ್ ಸಾಮಾನ್ಯವಾಗಿಬಿಟ್ಟಿದೆ. ಹತ್ತು-ಹದಿನೈದು ವರ್ಷ ಹಳೆಯ ಕಾರನ್ನು ಇನ್ನೂ ಚೆನ್ನಾಗಿ ನೋಡಿಕೊಂಡು ಓಡಿಸುವವರಿಗೆ ಈಗ ಆಸೆ ಹುಟ್ಟಿದೆ: ನಮ್ಮ ಆಲ್ಟೋಗೂ ಅದನ್ನು ಹಾಕಿಸಬಹುದಲ್ಲ? ಮಂಗಳೂರಿನ ಯಾವ ಎಕ್ಸೆಸರೀಸ್ ಅಂಗಡಿಗೆ ಹೋದರೂ ಹಾಕಿಕೊಡುತ್ತಾರೆ. ಅರ್ಧ ಗಂಟೆಯ ಕೆಲಸ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಸಿದ್ದಾದರೆ ಅದು ಸರಿಯಾಗಿ ಆಗಿರಲಿಕ್ಕಿಲ್ಲ ಎಂಬುದು ನನ್ನ ಅನುಮಾನ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಡಿಆರ್‌ಎಲ್ ಕಾರಿನ ಮೂತಿಯನ್ನು ಮಾತ್ರ ಬೆಳಗಿಸುತ್ತದೆ, ಮಂಗಳೂರಿನ ಮಳೆಯಲ್ಲಿ ಬೆಳಗಬೇಕಾದದ್ದು ಬೆನ್ನು ಕೂಡ.

ಈ ದೀಪ ಹುಟ್ಟಿದ್ದು ನಮ್ಮಂಥ ಬಿಸಿಲಿನ ನಾಡಿನಲ್ಲಲ್ಲ. ಚಳಿಗಾಲದಲ್ಲಿ ಮಧ್ಯಾಹ್ನವೂ ಮುಸ್ಸಂಜೆಯಂತಿರುವ ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್ 1972ರಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಚಳಿಗಾಲದ ಹಗಲಿನಲ್ಲೂ ದೀಪ ಉರಿಸಬೇಕೆಂದಿತು. ಸ್ವೀಡನ್ 1977ರಲ್ಲಿ ವರ್ಷವಿಡೀ, ಎಲ್ಲ ರಸ್ತೆಗಳಲ್ಲೂ ಎಂದಿತು. ಆ ನಿಯಮ ಹೊಸ ಕಾರಿಗೆ ಮಾತ್ರವಲ್ಲ, ರಸ್ತೆಗಿಳಿಯುವ ಹಳೇ ಕಾರಿಗೂ ಅನ್ವಯಿಸುತ್ತಿತ್ತು. ಹಾಗಾಗಿ ಬೇರೆ ದೀಪವಿಲ್ಲದವರು ಹೆಡ್‌ಲೈಟನ್ನೇ ಡಿಪ್‌ನಲ್ಲಿಟ್ಟು ಓಡಿಸಿದರು. ಈ ಸರಳ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ನಾರ್ವೆ, ಐಸ್‌ಲ್ಯಾಂಡ್, ಡೆನ್ಮಾರ್ಕ್ ಅದೇ ದಾರಿ ಹಿಡಿದವು. ಕೆನಡಾ 1989ರ ಡಿಸೆಂಬರ್ 1ರ ನಂತರ ತಯಾರಾದ ವಾಹನಗಳಿಗೆ ಕಡ್ಡಾಯ ಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2011ರ ಫೆಬ್ರವರಿ 7ರಿಂದ ಹೊಸ ಮಾದರಿಯ ಕಾರುಗಳಿಗೆ ಪ್ರತ್ಯೇಕ ಡಿಆರ್‌ಎಲ್ ಕಡ್ಡಾಯವಾಯಿತು. ಎಲ್‌ಇಡಿ ಅಗ್ಗವಾಗುತ್ತಿದ್ದ ಕಾಲ ಅದು. ಸುರಕ್ಷತೆಗೆಂದು ಬಂದ ದೀಪವನ್ನು ಕಾರು ಕಂಪನಿಗಳು ಮುಖದ ಶೃಂಗಾರವಾಗಿಸಿದವು. ನಮ್ಮ ದೇಶಕ್ಕೆ ಅದು ಬಂದದ್ದು ಶೃಂಗಾರವಾಗಿಯೇ.

ಹಾಗಾದರೆ ಉಪಯೋಗವಿದೆಯೇ? ನಾರ್ವೆಯ ಸಂಶೋಧಕ ರೂನೆ ಎಲ್ವಿಕ್ 1996ರಲ್ಲಿ ಹಲವು ದೇಶಗಳ 17 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಹಗಲಿನಲ್ಲಿ ದೀಪ ಉರಿಸುವ ಕಾರುಗಳು ಇತರ ವಾಹನಗಳೊಂದಿಗೆ ಡಿಕ್ಕಿಯಾಗುವ ಪ್ರಕರಣಗಳು ಶೇ 10ರಿಂದ 15ರಷ್ಟು ಕಡಿಮೆ ಎಂದು ಅವರಿಗೆ ಕಂಡುಬಂತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ಪರಿಣಾಮವೇ ಸಿಗಲಿಲ್ಲ. ಆಸ್ಟ್ರಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2005ರ ನವೆಂಬರಿನಲ್ಲಿ ಹಗಲು ಹೆಡ್‌ಲೈಟ್ ಕಡ್ಡಾಯ ಮಾಡಿ, 2008ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಎಲ್ಲ ಕಾರುಗಳೂ ಬೆಳಗತೊಡಗಿದರೆ ದೀಪವಿಲ್ಲದ ಪಾದಚಾರಿ, ಸೈಕಲ್ ಸವಾರ ಚಾಲಕನ ಗಮನದಿಂದ ಜಾರಿಹೋಗುತ್ತಾರೆ ಎಂಬ ಆತಂಕ ಅಲ್ಲಿ ಬಲವಾಗಿತ್ತು.

ಈ ಭಿನ್ನ ಫಲಿತಾಂಶಗಳ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು. ಆದರೆ ಸಂಶೋಧಕರು ಮತ್ತೆ ಮತ್ತೆ ಬೊಟ್ಟು ಮಾಡಿದ ಒಂದು ಕಾರಣ ಅಕ್ಷಾಂಶ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಸೂರ್ಯ ತಗ್ಗಿನಲ್ಲಿರುತ್ತಾನೆ, ಹಗಲು ಮಂಕಾಗಿರುತ್ತದೆ, ದೀಪ ಎದ್ದು ಕಾಣುತ್ತದೆ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರದಲ್ಲಿ, ಮಂಗಳೂರು 13 ಡಿಗ್ರಿಗೂ ಚೂರು ಕೆಳಗೆ. ಏಪ್ರಿಲ್ ಕೊನೆಯ ವಾರದಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಆ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಅದರ ನಡುವೆ ಡಿಆರ್‌ಎಲ್ ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಕಣ್ಣು ಕಿರಿದು ಮಾಡಬೇಕು. ಅದೇ ಜುಲೈಯಲ್ಲಿ ಕಡಲಿನಿಂದ ಕಪ್ಪು ಮೋಡ ಏರಿ ಬಂದಾಗ ಆ ಬೆಳಕು ಒಂದೆರಡು ಸಾವಿರ ಲಕ್ಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ವರ್ಷದಲ್ಲಿ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಹೋಗುವ ಊರು ನಮ್ಮದು. ಮಂಗಳೂರು ಅಕ್ಷಾಂಶದಲ್ಲಿ ಆಫ್ರಿಕಾಕ್ಕೆ ಹತ್ತಿರ, ವರ್ಷದ ನಾಲ್ಕು ತಿಂಗಳು ಬೆಳಕಿನಲ್ಲಿ ಸ್ವೀಡನ್ನಿಗೆ ಹತ್ತಿರ.

ಮಳೆಯಿಲ್ಲದ ದಿನಗಳಲ್ಲೂ ಇಲ್ಲಿನ ರಸ್ತೆಗಳಲ್ಲಿ ಕಾರು ಮಾಯವಾಗುವ ಜಾಗಗಳಿವೆ. ಕುಲಶೇಖರ ದಾಟಿ ಮೂಡುಬಿದಿರೆ ಕಡೆಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ಹೆದ್ದಾರಿ ಅಗಲವಾಗುತ್ತಿದ್ದರೂ ಮರಗಳ ನೆರಳು ಉಳಿದಿರುವ ಕಡೆ ರಸ್ತೆಯ ಮೇಲೆ ಬಿಸಿಲು-ನೆರಳು ಚೂರುಚೂರಾಗಿ ಹರಡಿರುತ್ತದೆ. ನೆರಳಿನಲ್ಲಿ ಬರುವ ಗಾಢ ಬಣ್ಣದ ಕಾರು ಬಿಸಿಲಿನಲ್ಲಿರುವ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡು ಕಾರುಗಳು 60 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುತ್ತಿವೆ ಎಂದುಕೊಳ್ಳಿ. ಅವುಗಳ ನಡುವಿನ ಅಂತರ ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ಮುಂದಿನ ಲಾರಿಯನ್ನು ಹಿಂದೆ ಹಾಕಲು ನಿಮಗೆ 8 ಸೆಕೆಂಡು ಬೇಕು ಎಂದಾದರೆ, ಎದುರು ಕನಿಷ್ಠ 270 ಮೀಟರ್ ಖಾಲಿ ಇರಬೇಕು. 270 ಮೀಟರ್ ದೂರದ ನೆರಳಿನಲ್ಲಿ ಕಡುನೀಲಿ ಬಣ್ಣದ ಸ್ಯಾಂಟ್ರೋ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು ನಾವು ದಿನಕ್ಕೆ ಹತ್ತಾರು ಸಲ ಮಾಡುತ್ತೇವೆ, ಮಾಡುತ್ತಿದ್ದೇವೆಂಬ ಅರಿವೂ ಇಲ್ಲದೆ. ಎದುರಿನ ಕಾರಿನ ಮೂತಿಯಲ್ಲಿ ಎರಡು ಬೆಳಕಿನ ಚುಕ್ಕೆ ಇದ್ದರೆ ಆ ತೀರ್ಮಾನ ಬೇಗ ಆಗುತ್ತದೆ. ಡಿಆರ್‌ಎಲ್ ಮಾಡುವ ಕೆಲಸ ಇಷ್ಟೇ. ಅದು ರಸ್ತೆಯನ್ನು ಬೆಳಗುವುದಿಲ್ಲ, ಬೆಳಗಬಾರದು ಕೂಡ.

ಈ ತತ್ವ ಕರಾವಳಿಗೆ ಹೊಸದೇನಲ್ಲ. ಬಂದರಿನಿಂದ ಹೊರಡುವ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ದೀಪವಿರಬೇಕು ಎಂಬುದು ಕಡಲಿನ ಅಂತರರಾಷ್ಟ್ರೀಯ ನಿಯಮ. ಅದೇ 1972ರ ನಿಯಮಾವಳಿಯಲ್ಲಿ, ಮಳೆ-ಮಂಜಿನಿಂದ ನೋಟ ಮಸುಕಾದಾಗ ಹಗಲಿನಲ್ಲೂ ಈ ದೀಪಗಳನ್ನು ಉರಿಸಬೇಕು ಎಂದಿದೆ. ದೋಣಿಯವನಿಗೆ ಆ ದೀಪದಿಂದ ನೀರು ಕಾಣುವುದಿಲ್ಲ. ಇನ್ನೊಂದು ದೋಣಿಯವನಿಗೆ ತಾನು ಕಾಣಲಿ ಎಂದು ಉರಿಸುವುದು. ಗಮನಿಸಿ, ಕಡಲಿನ ನಿಯಮ ಹಿಂದಿನ ದೀಪವನ್ನು ಮರೆತಿಲ್ಲ. ಧಾರಾಕಾರ ಮಳೆ ಬರುವ ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯ ಯಾಂತ್ರೀಕೃತ ದೋಣಿಗಳಿಗೆ ಹೇಗೂ ರಜೆ. ಕಾರಿಗೆ ಆ ಭಾಗ್ಯವಿಲ್ಲ.

ಈಗ ಬೆನ್ನಿನ ಮಾತಿಗೆ ಬರೋಣ. ಡಿಆರ್‌ಎಲ್ ಉರಿಯುವಾಗ ಟೇಲ್ ಲೈಟ್ ಉರಿಯುವುದಿಲ್ಲ. ಬಹಳಷ್ಟು ಹೊಸ ಕಾರುಗಳಲ್ಲೂ ಹಾಗೆಯೇ. ಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ಕಡೆಗೆ ಹೋಗುತ್ತಿದ್ದೀರಿ. ಮುಂದಿನ ಟ್ಯಾಂಕರಿನ ಚಕ್ರಗಳಿಂದ ಏಳುವ ನೀರಿನ ತುಂತುರು ನಿಮ್ಮನ್ನು ಪೂರ್ತಿ ನುಂಗಿದೆ. ಹಿಂದಿನಿಂದ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಬರುತ್ತಿದೆ, ಅದು ನಿಧಾನಿಸುವ ಜಾತಿಯದಲ್ಲ. ನಿಮ್ಮ ಮೂತಿಯಲ್ಲಿ ಚಂದದ ಬಿಳಿ ಗೆರೆ ಬೆಳಗುತ್ತಿದೆ, ಬಸ್ಸಿನ ಚಾಲಕನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಮುಂದೆ ಬೆಳಕು ಕಾಣುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತದೆ, ಹಾಗಾಗಿ ಲೈಟ್ ಹಾಕಿದ್ದೇನೆ ಎಂಬ ಭ್ರಮೆಯಲ್ಲಿ ಸಂಜೆಯಾದ ಮೇಲೂ ಕತ್ತಲೆ ಬೆನ್ನಿನಲ್ಲಿ ಓಡಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಕೆನಡಾದವರು ಇಂಥ ವಾಹನಗಳಿಗೆ ದೆವ್ವದ ವಾಹನ ಎಂಬರ್ಥದ ಹೆಸರಿಟ್ಟು, 2021ರ ಸೆಪ್ಟೆಂಬರ್‌ನಿಂದ ಹೊಸ ವಾಹನಗಳಿಗೆ ಮೂರು ದಾರಿ ಕೊಟ್ಟರು: ಡಿಆರ್‌ಎಲ್ ಜತೆಗೆ ಟೇಲ್ ಲೈಟೂ ಉರಿಯಲಿ, ಇಲ್ಲವೇ ಕತ್ತಲಾದಾಗ ಎಲ್ಲ ದೀಪ ತಾವಾಗಿ ಉರಿಯಲಿ, ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇರಲಿ, ಚಾಲಕನಿಗೆ ನೆನಪಾಗಲಿ. ಹಗಲು ದೀಪವನ್ನು ಮೂರು ದಶಕ ಕಡ್ಡಾಯ ಮಾಡಿದ ದೇಶ ಕಲಿತ ಪಾಠವಿದು.

ನಮ್ಮ ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ, ಓದುವವರು ಕಡಿಮೆ ಅಷ್ಟೆ. ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ಮಾತ್ರ ದೀಪ ಉರಿಸಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲೂ ಉರಿಸಬೇಕು ಎನ್ನುತ್ತದೆ, 155 ಮೀಟರ್ ಮುಂದಿನ ಮನುಷ್ಯ, ವಾಹನ ಕಾಣುವಂತಿರಬೇಕು ಎಂಬ ಅಳತೆಯನ್ನೂ ಕೊಡುತ್ತದೆ. ಮೇಲಿನ ಲೆಕ್ಕದ ಪ್ರಕಾರ ಎದುರುಬದುರು ಬರುವ ಎರಡು ಕಾರುಗಳು 155 ಮೀಟರನ್ನು ಐದು ಸೆಕೆಂಡಿನೊಳಗೆ ಮುಗಿಸಿಬಿಡುತ್ತವೆ. ಅಂದರೆ ಜುಲೈಯ ಜಡಿಮಳೆಯಲ್ಲಿ ಹೆಡ್‌ಲೈಟನ್ನು ಡಿಪ್‌ನಲ್ಲಿ ಉರಿಸುವುದು ಚಾಲಕನ ಔದಾರ್ಯವೇನಲ್ಲ. ಹಾಗೆ ಉರಿಸಿದರೆ ಟೇಲ್ ಲೈಟೂ ತಾನಾಗಿ ಉರಿಯುತ್ತದೆ. ಅದಕ್ಕೆ ಯಾವ ಅಂಗಡಿಗೂ ಹೋಗಬೇಕಿಲ್ಲ, 1980ರ ದಶಕದ ಮಾರುತಿ 800ರಲ್ಲೂ ಆ ಸ್ವಿಚ್ಚಿದೆ. ಇದರ ಬದಲು ನಮ್ಮವರು ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಹೊರಡುತ್ತಾರೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಇದೊಂದು ಸಂಪ್ರದಾಯವೇ ಆಗಿಬಿಟ್ಟಿದೆ. ಅದು ನಿಂತ ವಾಹನದ ಗುರುತು. ಹಾಗೆ ಮಿಟುಕಿಸುತ್ತ ಹೋಗುವವನು ಬಲಕ್ಕೆ ತಿರುಗುತ್ತಾನೋ ಎಡಕ್ಕೋ ಎಂದು ಹಿಂದಿನವರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಹೆಡ್‌ಲೈಟೇ ಸಾಕಲ್ಲ, ಮತ್ತೆ ಡಿಆರ್‌ಎಲ್ ಯಾಕೆ? ಇದಕ್ಕೆ ಪೆಟ್ರೋಲಿನಲ್ಲೇ ಉತ್ತರ ಹೇಳಬಹುದು. ಹಳೇ ಕಾರಿನ ಎಚ್4 ಹ್ಯಾಲೊಜನ್ ಬಲ್ಬು ಡಿಪ್‌ನಲ್ಲಿ 55 ವಾಟ್. ಎರಡು ಬಲ್ಬು, ಜತೆಗೆ ಪಾರ್ಕಿಂಗ್, ಟೇಲ್, ನಂಬರ್ ಪ್ಲೇಟಿನ ದೀಪಗಳು ಸೇರಿ ಸುಮಾರು 130 ವಾಟ್. ಆಲ್ಟರ್ನೇಟರ್ ತನಗೆ ಸಿಕ್ಕ ಶಕ್ತಿಯಲ್ಲಿ ಹೆಚ್ಚೆಂದರೆ ಅರ್ಧಕ್ಕಿಂತ ತುಸು ಹೆಚ್ಚನ್ನು ವಿದ್ಯುತ್ತಾಗಿಸುತ್ತದೆ, ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ. ಹೀಗೆ ಗುಣಿಸುತ್ತ ಹೋದರೆ ಒಂದು ಗಂಟೆ ದೀಪ ಉರಿಸಲು ಹತ್ತಿರ ಹತ್ತಿರ 100 ಮಿಲಿಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿಯ ಆಸುಪಾಸಿನ ದರದಲ್ಲಿ ಗಂಟೆಗೆ ಹತ್ತು ರೂಪಾಯಿ. ಒಂದು ಜೊತೆ ಎಲ್‌ಇಡಿ ಡಿಆರ್‌ಎಲ್ ಎಳೆಯುವುದು 10ರಿಂದ 15 ವಾಟ್, ಅಂದರೆ ಗಂಟೆಗೆ ಒಂದು ರೂಪಾಯಿ. ಮಳೆಯ ದಿನ ಹತ್ತು ರೂಪಾಯಿಗೆ ಅಳುವುದು ಸಣ್ಣತನ. ಬಿಸಿಲಿನ ದಿನ, ದಿನವೂ ಓಡಿಸುವವರಿಗೆ, ಒಂದು ರೂಪಾಯಿಯ ದೀಪ ಒಳ್ಳೆಯ ವ್ಯಾಪಾರ.

ಜನ ಹಗಲಿನಲ್ಲಿ ಹೆಡ್‌ಲೈಟ್ ಹಾಕಲು ಹಿಂಜರಿಯುವುದಕ್ಕೆ ನಿಜವಾದ ಕಾರಣ ಪೆಟ್ರೋಲ್ ಕೂಡ ಅಲ್ಲ, ಮರೆವು. ಹಗಲು ಹೊತ್ತು ದೀಪ ಉರಿಯುತ್ತಿರುವುದು ಇಳಿದು ಹೋಗುವವನಿಗೆ ಕಾಣುವುದಿಲ್ಲ. ಹಳೇ ಕಾರಿಗೆ ಎಚ್ಚರಿಸುವ ಬಜರ್ ಇರುವುದಿಲ್ಲ. 130 ವಾಟ್ ಎಂದರೆ ಸುಮಾರು 11 ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರು ಗಂಟೆಯಲ್ಲಿ ಖಾಲಿ. ಹಂಪನಕಟ್ಟೆಯಲ್ಲಿ ಕಾರು ನಿಲ್ಲಿಸಿ ಮದುವೆ ಊಟ ಮುಗಿಸಿ ಬಂದರೆ ತಳ್ಳುವವರನ್ನು ಹುಡುಕಬೇಕಾದೀತು. ಡಿಆರ್‌ಎಲ್ಲಿನ ದೊಡ್ಡ ಅನುಕೂಲ ಇಲ್ಲಿದೆ. ಸರಿಯಾಗಿ ಜೋಡಿಸಿದರೆ ಅದು ಎಂಜಿನ್ ಜತೆಗೆ ಹುಟ್ಟಿ ಎಂಜಿನ್ ಜತೆಗೇ ಆರುತ್ತದೆ, ನೆನಪಿಡಬೇಕಾದದ್ದೇನೂ ಇಲ್ಲ.

ಸರಿಯಾಗಿ ಜೋಡಿಸುವುದು ಎಂದರೇನು ಎಂದು ತಿಳಿಯಲು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ರೂಪಿಸಿದ ನಿಯಮಗಳನ್ನು ನೋಡುವುದು ಒಳ್ಳೆಯದು. ಯುರೋಪಿನ ಕಾರುಗಳಷ್ಟೇ ಅಲ್ಲ, ನಮ್ಮ ವಾಹನಗಳಿಗಿರುವ ಎಐಎಸ್ ಮಾನದಂಡಗಳೂ ಬಹುಮಟ್ಟಿಗೆ ಅವುಗಳ ಜಾಡಿನಲ್ಲೇ ಇವೆ. ದೀಪ ಬಿಳಿಯೇ ಆಗಿರಬೇಕು. ನೇರ ಮುಂದಕ್ಕೆ ಬೆಳಕಿನ ತೀವ್ರತೆ 400 ಕ್ಯಾಂಡೆಲಾಕ್ಕಿಂತ ಕಡಿಮೆ ಇರಬಾರದು, 1,200 ಮೀರಬಾರದು. ನೆಲದಿಂದ 25 ಸೆಂಟಿಮೀಟರ್‌ಗಿಂತ ಕೆಳಗೆ ಬೇಡ, ಒಂದೂವರೆ ಮೀಟರಿಗಿಂತ ಮೇಲೆ ಬೇಡ. ಎರಡರ ನಡುವೆ ಕನಿಷ್ಠ 60 ಸೆಂಟಿಮೀಟರ್ ಅಂತರವಿರಲಿ, ಇಲ್ಲದಿದ್ದರೆ ದೂರದಿಂದ ನೋಡುವವರಿಗೆ ಎರಡೂ ಒಂದಾಗಿ ಬೈಕಿನಂತೆ ಕಂಡೀತು. ಹೆಡ್‌ಲೈಟ್ ಹಾಕಿದ ಕೂಡಲೇ ಡಿಆರ್‌ಎಲ್ ತಾನಾಗಿ ಆರಬೇಕು. ಈ ಕೊನೆಯದೇ ಮುಖ್ಯ, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪುವುದೂ ಅದೇ. ಡಿಪ್ ಬೆಳಕಿಗೆ ಒಂದು ಗಡಿಗೆರೆ ಇದೆ, ಎದುರಿನವರ ಕಣ್ಣಿನ ಕಡೆಗೆ ಹೋಗುವ ಬೆಳಕನ್ನು ಅದು ಕೆಲವು ನೂರು ಕ್ಯಾಂಡೆಲಾಕ್ಕೆ ಕತ್ತರಿಸುತ್ತದೆ. ಡಿಆರ್‌ಎಲ್ಲಿಗೆ ಅಂಥ ಗಡಿಯಿಲ್ಲ, ಕಣ್ಣಿಗೆ ಬೀಳಲೆಂದೇ ಅದನ್ನು ಮಾಡಿರುವುದು. ಹಗಲಿನಲ್ಲಿ ಹಿತವಾದ ಅದೇ ಬೆಳಕು ರಾತ್ರಿ ಒದ್ದೆ ರಸ್ತೆಯಲ್ಲಿ ಕಣ್ಣು ಕುಕ್ಕುತ್ತದೆ.

ಅಂಗಡಿಯಲ್ಲಿ ಸಿಗುವ ಸರಕಿನ ಗುಣ ಒಂದೇ ತರಹ ಇಲ್ಲ. ಕೆಲವು ನೂರು ರೂಪಾಯಿಗೆ ಬಗ್ಗಿಸಿ ಅಂಟಿಸುವ ಎಲ್‌ಇಡಿ ಪಟ್ಟಿ ಸಿಗುತ್ತದೆ. ಕೆಲವು ಸಾವಿರಕ್ಕೆ ಗಟ್ಟಿ ಕವಚದ, ಬ್ರ್ಯಾಕೆಟ್ ಹಾಕಿ ಬಂಪರಿಗೆ ಕೂರಿಸುವ ಜೋಡಿ ದೀಪ ಸಿಗುತ್ತದೆ. ದೀಪದ ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಆರ್‌ಎಲ್ ಎಂಬ ಗುರುತು ಅಚ್ಚಾಗಿದ್ದರೆ ಅದು ಪರೀಕ್ಷೆ ದಾಟಿದ ಡಿಆರ್‌ಎಲ್ ಎಂದರ್ಥ, ಗುರುತು ನಕಲಿಯಲ್ಲದಿದ್ದರೆ. ಅಂಟಿಸುವ ಪಟ್ಟಿಗಳು ಬಿಸಿಲಿನಲ್ಲಿ ಕಾಣುವಷ್ಟು ಬೆಳಕು ಕೊಡುವುದು ಅಪರೂಪ. ಎಂಜಿನ್ನಿನ ಬಿಸಿಗೆ, ಮಳೆಗೆ ಅಂಟು ಬಿಡುತ್ತದೆ, ಒಂದು ಬದಿಯ ಅರ್ಧ ದೀಪ ಸತ್ತು ಕಾರು ಒಕ್ಕಣ್ಣನಾಗುತ್ತದೆ. ನೀಲಿ ಛಾಯೆಯವು, ಇಂಡಿಕೇಟರ್ ಜತೆಗೆ ಹಳದಿಯಾಗಿ ಓಡುವವು, ಮಿನುಗುವವು, ಕೆಂಪು-ಹಸಿರಿನವು ಎಲ್ಲ ಇವೆ. ಮುಂದಕ್ಕೆ ಕೆಂಪು ದೀಪ ತೋರಿಸುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ ನೇರವಾಗಿಯೇ ನಿಷೇಧಿಸಿದೆ.

ಇನ್ನು ವಯರಿಂಗ್. ಮಂಗಳೂರಿನಲ್ಲಿ ಕಾರಿನ ವಯರಿಂಗಿಗೆ ಮೂರು ಶತ್ರುಗಳು: ಉಪ್ಪುಗಾಳಿ, ಮಳೆನೀರು, ಇಲಿ. ತಾಮ್ರದ ತಂತಿಯ ಹೊದಿಕೆ ಸುಲಿದು, ಹೊಸ ತಂತಿ ಸುತ್ತಿ, ಕಪ್ಪು ಟೇಪ್ ಹಚ್ಚಿ ಬಿಟ್ಟರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮೊದಲು ದೀಪ ಮಿಣುಕುತ್ತದೆ, ಆಮೇಲೆ ಆ ಜಾಗ ಬಿಸಿಯಾಗುತ್ತದೆ, ಮುಂದಿನದ್ದನ್ನು ಹೇಳಬೇಕಿಲ್ಲ. ಹೆಡ್‌ಲೈಟಿನ ಅಥವಾ ಪಾರ್ಕಿಂಗ್ ಲೈಟಿನ ತಂತಿಯಿಂದ ನೇರವಾಗಿ ಕರೆಂಟು ಕದಿಯಬಾರದು. ಒಳ್ಳೆಯ ಕಿಟ್ ಜತೆ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರ ಎರಡು ತಂತಿ ಬ್ಯಾಟರಿಯ ಪ್ಲಸ್, ಮೈನಸ್‌ಗೆ ಹೋಗುತ್ತವೆ, ಮೂರನೆಯದು ಪಾರ್ಕಿಂಗ್ ಲೈಟಿನ ತಂತಿಗೆ, ಸುಮ್ಮನೆ ಸುದ್ದಿ ತಿಳಿಯಲು. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿಯ ವೋಲ್ಟೇಜ್ 12.6ರ ಆಸುಪಾಸು. ಎಂಜಿನ್ ಓಡುತ್ತ ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿದರೆ ಅದು 13.8ರಿಂದ 14.4ಕ್ಕೆ ಏರುತ್ತದೆ. ಪೆಟ್ಟಿಗೆ ಈ ಏರಿಕೆಯನ್ನು ಗುರುತಿಸಿ ದೀಪ ಹಚ್ಚುತ್ತದೆ, ಇಳಿದಾಗ ಆರಿಸುತ್ತದೆ, ಪಾರ್ಕಿಂಗ್ ಲೈಟ್ ಹಾಕಿದಿರೆಂದು ಮೂರನೇ ತಂತಿ ಹೇಳಿದರೆ ಡಿಆರ್‌ಎಲ್ಲನ್ನು ಮಂದ ಮಾಡುತ್ತದೆ ಅಥವಾ ಆರಿಸುತ್ತದೆ. ಈ ಮೂರನೇ ತಂತಿಯನ್ನು ಜೋಡಿಸದೆ ಸುತ್ತಿ ಬಿಟ್ಟುಬಿಡುವುದು ಅರ್ಧ ಗಂಟೆಯ ಕೆಲಸಗಾರರ ರೂಢಿ. ರಾತ್ರಿಯೂ ಪೂರ್ತಿ ಉರಿಯುವ ಡಿಆರ್‌ಎಲ್‌ಗಳ ಗುಟ್ಟು ಹಲವು ಸಲ ಇಷ್ಟೇ.

ಇನ್ನು ಕೆಲವು ಹಳೇ ಕಾರುಗಳ ಆಲ್ಟರ್ನೇಟರ್ ಮುಪ್ಪಾಗಿರುತ್ತದೆ. ನಂತೂರಿನ ಜಾಮ್‌ನಲ್ಲಿ ಎಸಿ, ವೈಪರ್, ಫ್ಯಾನ್ ಎಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ 13ಕ್ಕಿಂತ ಕೆಳಗಿಳಿದು ಡಿಆರ್‌ಎಲ್ ಹತ್ತಿ-ಆರಿ ಮಾಡಬಹುದು. ಅಂಥ ಕಾರಿಗೆ ವೋಲ್ಟೇಜ್ ನೋಡುವ ಪೆಟ್ಟಿಗೆ ಸರಿಹೋಗದು. ಫ್ಯೂಸ್ ಬಾಕ್ಸಿನಲ್ಲಿ ಇಗ್ನಿಷನ್ ಆನ್ ಆದಾಗಷ್ಟೇ ಜೀವ ಬರುವ ಫ್ಯೂಸಿನಿಂದ ಒಂದು ರಿಲೇ ನಡೆಸುವುದು ಲೇಸು. ಯಾವ ದಾರಿ ಹಿಡಿದರೂ ಬ್ಯಾಟರಿಯ ಪಕ್ಕದಲ್ಲೇ 3 ಅಥವಾ 5 ಆಂಪಿಯರಿನ ಫ್ಯೂಸ್ ಇರಬೇಕು, ತಂತಿ ಕೊಳವೆಯೊಳಗೆ ಹೋಗಬೇಕು, ಅರ್ತ್ ತಂತಿಯನ್ನು ಬಣ್ಣ ಕೆರೆದ ಬಾಡಿಗೆ ಬೋಲ್ಟ್ ಹಾಕಿ ಬಿಗಿದು ಮೇಲೆ ಗ್ರೀಸ್ ಹಚ್ಚಬೇಕು. ಇಲಿಗೆ ಮಾತ್ರ ಖಚಿತವಾದ ಮದ್ದಿಲ್ಲ. ಹೊಗೆಸೊಪ್ಪಿನಿಂದ ಹಿಡಿದು ಸ್ಪ್ರೇವರೆಗೆ ಪ್ರತಿ ಮನೆಗೂ ಒಂದೊಂದು ವಿಧಾನವಿದೆ.

ಡಿಆರ್‌ಎಲ್ ಹಾಕಿಸಲು ಹೋದವರಿಗೆ ಅಂಗಡಿಯವರು ತಪ್ಪದೆ ಕೊಡುವ ಸಲಹೆ ಇನ್ನೊಂದಿದೆ: ಹೇಗೂ ಬಂದಿದ್ದೀರಿ, ಹೆಡ್‌ಲೈಟಿಗೂ ಎಲ್‌ಇಡಿ ಬಲ್ಬು ಹಾಕಿಬಿಡಿ ಸರ್. ಬೇಡ. ಹಳೇ ಹೆಡ್‌ಲೈಟಿನ ಕನ್ನಡಿಯನ್ನು ಎಚ್4 ಬಲ್ಬಿನ ಸಣ್ಣ ತಂತಿ ಎಲ್ಲಿ ಉರಿಯುತ್ತದೋ ಅಲ್ಲಿಗೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ ಮಾಡಿರುತ್ತಾರೆ. ಅಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕಿನ ಮೂಲದ ಆಕಾರವೇ ಬೇರೆಯಾಗಿ ಡಿಪ್‌ನ ಗಡಿಗೆರೆ ಕದಡುತ್ತದೆ. ಓಡಿಸುವವನಿಗೆ ಹಿತ, ಎದುರಿನವನಿಗೆ ಕುರುಡು. ಇಂಥ ಕಣ್ಣು ಕುಕ್ಕುವ ಎಲ್‌ಇಡಿಗಳ ವಿರುದ್ಧವೇ 2024ರ ಜುಲೈ 1ರಿಂದ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದ್ದು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದವರು ಅಲೋಕ್ ಕುಮಾರ್.

ಡಿಆರ್‌ಎಲ್ ಅಳವಡಿಕೆ ಕಾನೂನುಬದ್ಧವೇ ಎಂದು ಕೇಳಿದರೆ ಒಂದೇ ಪದದ ಉತ್ತರ ಕೊಡಲಾಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಬಿಗಿಯಾಗಿಯೇ ಓದಿತು, ಆ ಪ್ರಕರಣ ಹುಟ್ಟಿದ್ದು ಪಕ್ಕದ ಕೇರಳದಲ್ಲಿ. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡದ ದಾರಿ ತೆರೆಯಿತು. ಬಂಪರಿನಲ್ಲಿ ತಗ್ಗಿನಲ್ಲಿ ಕೂತ, ಬಿಳಿ ಬಣ್ಣದ, ರಾತ್ರಿ ತಾನಾಗಿ ಆರುವ ಎರಡು ಸಣ್ಣ ದೀಪಗಳು ಇದರ ಗುರಿಯಲ್ಲ ಎಂದು ನನಗನಿಸುತ್ತದೆ. ಆದರೆ ಮಾರ್ಪಾಡು ಯಾವುದು, ಜೋಡಣೆ ಯಾವುದು ಎಂದು ರಸ್ತೆಬದಿಯಲ್ಲಿ ತೀರ್ಮಾನಿಸುವವರು ನಾವಲ್ಲ. ವಾರಕ್ಕೊಮ್ಮೆ ತಲಪಾಡಿ ದಾಟಿ ಕಾಸರಗೋಡಿಗೆ ಹೋಗಿಬರುವವರು ಇನ್ನಷ್ಟು ಎಚ್ಚರವಾಗಿರುವುದು ಒಳ್ಳೆಯದು, ಹೆಚ್ಚುವರಿ ದೀಪಗಳ ವಿಷಯದಲ್ಲಿ ಕೇರಳದ ಮೋಟಾರು ವಾಹನ ಇಲಾಖೆ, ಹೈಕೋರ್ಟ್ ಎರಡೂ ಕಟ್ಟುನಿಟ್ಟು. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ನಾಳೆ ವಯರಿಂಗಿನಿಂದ ಬೆಂಕಿ ಹತ್ತಿತೆಂದಾದರೆ ಅವರು ಮೊದಲು ಕೇಳುವುದೇ ಹೊರಗಿನಿಂದ ಏನು ಹಾಕಿಸಿದ್ದಿರಿ ಎಂದು.

ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋಗುವವರು ದೀಪಗಳ ತಪಾಸಣೆಗೆ ಹೇಗೂ ತಯಾರಾಗಬೇಕು. ಆಗ ಡಿಆರ್‌ಎಲ್ಲಿಗಿಂತ ಮೊದಲು ಖರ್ಚು ಮಾಡಬೇಕಾದ ಜಾಗಗಳಿವೆ. ಹತ್ತು ವರ್ಷದ ಬಿಸಿಲಿಗೆ ಹೆಡ್‌ಲೈಟಿನ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿ ಮಂಜಾಗಿರುತ್ತದೆ, ಬೆಳಕಿನ ಗಣನೀಯ ಪಾಲು ಅಲ್ಲೇ ಸಾಯುತ್ತದೆ. ಅದನ್ನು ಉಜ್ಜಿ ಪಾಲಿಶ್ ಮಾಡಿಸಿ, ಮೇಲೆ ರಕ್ಷಣೆಯ ಲೇಪ ಕೊಡಿಸಿ. ಹಳೆಯ 800ರಂತೆ ನಿಜವಾದ ಗಾಜಿದ್ದರೆ ಒಳಗಿನ ಕನ್ನಡಿ ತುಕ್ಕು ಹಿಡಿದಿದೆಯೇ ನೋಡಿ. ಟೇಲ್ ಲೈಟಿನ ಬಲ್ಬುಗಳಲ್ಲಿ ಒಂದು ಯಾವಾಗಲೋ ಸುಟ್ಟಿರುತ್ತದೆ, ಓಡಿಸುವವನಿಗೆ ಅದು ಗೊತ್ತೇ ಇರುವುದಿಲ್ಲ. ರಾತ್ರಿ ಅಂಗಳದ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ ದೀಪ ಹಾಕಿದರೆ ಗೋಡೆಯ ಮೇಲೆ ಬೀಳುವ ಎರಡು ಕೆಂಪು ಬೆಳಕು ಒಂದೇ ತೂಕದವೋ ಅಲ್ಲವೋ ಕಾಣುತ್ತದೆ. ಹೆಡ್‌ಲೈಟ್ ಮರೆಯುವವರು ಬಾಗಿಲು ತೆರೆದಾಗ ಕೂಗುವ ಬಜರ್ ಒಂದನ್ನು ಎಲೆಕ್ಟ್ರಿಶಿಯನ್ ಹತ್ತಿರ ಹಾಕಿಸಿಕೊಳ್ಳಬಹುದು, ಡಿಆರ್‌ಎಲ್ಲಿಗಿಂತ ಕಡಿಮೆ ಖರ್ಚಿನದು. ಇದೆಲ್ಲ ಆದ ಮೇಲೂ ಕಿಸೆಯಲ್ಲಿ ದುಡ್ಡು ಉಳಿದರೆ ವೈಪರ್ ಬ್ಲೇಡ್ ಬದಲಿಸಿ. ಆಮೇಲೂ ಉಳಿದರೆ, ಮೂರನೇ ತಂತಿಯನ್ನು ಮರೆಯದೆ ಜೋಡಿಸುವವರನ್ನು ಹುಡುಕಿಕೊಂಡು ಡಿಆರ್‌ಎಲ್ ಹಾಕಿಸಿ.